ಸಲಮಾಂಡರ್, ನ್ಯೂಟ್ ಮರಿ ಸಾಕುವವರಿಗೆ: ಯಾವ ಆಹಾರ, ಯಾವ ತೊಟ್ಟಿ, ಎಷ್ಟು ಮರಿ?

ಮೊಟ್ಟೆ ಒಡೆದ ಮೇಲೆ ನೋಡಿಕೊಳ್ಳೋಣ ಅಂದುಕೊಂಡರೆ ಆಗಲೇ ತಡವಾಗಿರುತ್ತದೆ. ಸಲಮಾಂಡರ್, ನ್ಯೂಟ್ ಅಂದರೆ ಕಪ್ಪೆಯ ಬಂಧುಗಳಾದ, ನೋಡಲು ಹಲ್ಲಿಯಂತಿರುವ ಬಾಲದ ಉಭಯಚರಗಳು. ಇವುಗಳ ಮರಿಗಳು ಕಪ್ಪೆಯ ಗೊದಮೊಟ್ಟೆಗಳ ಹಾಗೆ ಪಾಚಿ ಕೆರೆದು ತಿಂದು ಬೆಳೆಯುವುದಿಲ್ಲ. ಇವು ಹುಟ್ಟಿನಿಂದಲೇ ಬೇಟೆಗಾರರು. ಹೊಟ್ಟೆಯಲ್ಲಿ ಉಳಿದ ಹಳದಿ ಭಾಗ ಒಂದೆರಡು ದಿನಕ್ಕೆ ಸಾಕಾಗುತ್ತದೆ, ನೀರು ತಣ್ಣಗಿದ್ದರೆ ಇನ್ನೂ ಸ್ವಲ್ಪ ಜಾಸ್ತಿ ದಿನ. ಆಮೇಲೆ ಕಣ್ಣೆದುರು ಏನಾದರೂ ಅಲುಗಾಡಬೇಕು, ಅದು ಬಾಯಿಗೆ ಹಿಡಿಯುವಷ್ಟು ಚಿಕ್ಕದಾಗಿರಬೇಕು. ಅಲುಗಾಡದ್ದು ಆಹಾರ ಅಂತ ಆ ವಯಸ್ಸಿನ ಮರಿಗೆ ಗೊತ್ತೇ ಆಗುವುದಿಲ್ಲ. ಪಕ್ಕದಲ್ಲೇ ಒಳ್ಳೆಯ ಪುಡಿ ಆಹಾರ ಬಿದ್ದಿದ್ದರೂ ಹಸಿದು ಸಾಯುತ್ತದೆ.

ಹೊಸಬರು ಸಾಮಾನ್ಯವಾಗಿ ಮೊದಲು ತೊಟ್ಟಿ ತರುತ್ತಾರೆ, ಆಮೇಲೆ ಫಿಲ್ಟರ್, ಕೊನೆಗೆ "ಇವಕ್ಕೆ ಏನು ಕೊಡೋದು?" ಅಂತ ಹುಡುಕಾಟ. ನನ್ನ ಪ್ರಕಾರ ಈ ಕ್ರಮ ಉಲ್ಟಾ ಆಗಬೇಕು. ಯಾವ ಆಹಾರವನ್ನು ದಿನಾ ತಪ್ಪದೆ ಕೊಡಬಲ್ಲಿರಿ ಅನ್ನುವುದನ್ನು ಮೊದಲು ತೀರ್ಮಾನಿಸಿ. ತೊಟ್ಟಿಯ ಆಯ್ಕೆ ಅದರ ಹಿಂದೆಯೇ ಬರುತ್ತದೆ. ಎಷ್ಟು ಮರಿ ಉಳಿಸಿಕೊಳ್ಳಬೇಕು ಅನ್ನುವುದಕ್ಕೂ ಆಗ ಉತ್ತರ ಸಿಗುತ್ತದೆ.

ನಿಮ್ಮ ಮರಿ ಯಾವ ಬಗೆಯದು?

ಎಲ್ಲ ಮರಿಗಳೂ ಒಂದೇ ಅಳತೆಯಲ್ಲಿ ಹುಟ್ಟುವುದಿಲ್ಲ. ಇಲ್ಲಿಂದಲೇ ಕೆಲಸ ಸುಲಭವೋ ಕಷ್ಟವೋ ಅನ್ನುವುದು ಗೊತ್ತಾಗುತ್ತದೆ.

ಯುರೋಪಿನ ಫೈರ್ ಸಲಮಾಂಡರ್ ಮೊಟ್ಟೆ ಇಡುವುದಿಲ್ಲ, ನೇರವಾಗಿ ನೀರಿಗೆ ಮರಿ ಹಾಕುತ್ತದೆ. ಆ ಮರಿ ಹುಟ್ಟುವಾಗಲೇ ಸುಮಾರು 3 ಸೆಂ.ಮೀ. ಉದ್ದ. ನಾಲ್ಕೂ ಕಾಲು ಇರುತ್ತವೆ, ಬಾಯಿ ದೊಡ್ಡದು. ಮೊದಲ ದಿನದಿಂದಲೇ ಡಾಫ್ನಿಯಾ ಅನ್ನುವ ಸಿಹಿನೀರಿನ ಪುಟ್ಟ ಜೀವಿ, ಕತ್ತರಿಸಿದ ಹುಳು ತಿನ್ನುತ್ತದೆ. ಮೊದಲ ಸಲ ಮರಿ ಸಾಕುವವರಿಗೆ ಇದಕ್ಕಿಂತ ಸುಲಭದ್ದು ಸಿಗುವುದು ಕಷ್ಟ.

ಮೆಕ್ಸಿಕೋದ ಸಲಮಾಂಡರ್ ಆದ ಆಕ್ಸೊಲಾಟಲ್ ಮಧ್ಯದಲ್ಲಿ ನಿಲ್ಲುತ್ತದೆ. ಮರಿ ಸುಮಾರು 1 ಸೆಂ.ಮೀ. ಇರುತ್ತದೆ, ಚೆನ್ನಾಗಿ ತಿನ್ನುತ್ತದೆ, ಬೇಗ ಬೆಳೆಯುತ್ತದೆ. 1860ರ ದಶಕದಲ್ಲಿ ಮೆಕ್ಸಿಕೋದಿಂದ ಪ್ಯಾರಿಸ್ಸಿಗೆ ಹೋದಾಗಿನಿಂದ ಇದು ಮನುಷ್ಯರ ತೊಟ್ಟಿಗಳಲ್ಲೇ ತಲೆಮಾರುಗಟ್ಟಲೆ ಬೆಳೆದಿದೆ, ಹಾಗಾಗಿ ಸೆರೆಯ ಬದುಕು ಇದಕ್ಕೆ ಹೊಸದಲ್ಲ. ಜೀವನವಿಡೀ ನೀರಲ್ಲೇ ಇರುವುದರಿಂದ ಮುಂದೆ ನೆಲಕ್ಕೆ ಹತ್ತಿಸುವ ತಲೆನೋವೂ ಇಲ್ಲ. ಆದರೆ ಒಂದು ಸಲಕ್ಕೆ ಕೆಲವು ನೂರು ಮೊಟ್ಟೆ, ಕೆಲವೊಮ್ಮೆ ಸಾವಿರದ ಹತ್ತಿರ! ಮರಿಗಳು ಒಂದರ ಕಾಲನ್ನು ಇನ್ನೊಂದು ಕಚ್ಚುವ ಚಾಳಿಯೂ ಇದೆ. ಸ್ಪೇನ್, ಪೋರ್ಚುಗಲ್, ಮೊರಾಕೊ ಕಡೆಯ ರಿಬ್ಬ್ಡ್ ನ್ಯೂಟ್ ಕೂಡ ಹೆಚ್ಚುಕಡಿಮೆ ಇದೇ ಗುಂಪಿಗೆ ಸೇರುತ್ತದೆ. ಗಟ್ಟಿ ಜೀವ, ಮೊಟ್ಟೆ ರಾಶಿ ರಾಶಿ, ಕಚ್ಚಾಟವೂ ಉಂಟು.

ಇನ್ನು ಸಣ್ಣ ನ್ಯೂಟ್‌ಗಳು. ಆಲ್ಪೈನ್ ನ್ಯೂಟ್, ಬೆಂಕಿ ಹೊಟ್ಟೆಯ ಏಷ್ಯಾದ ನ್ಯೂಟ್‌ಗಳು ಇತ್ಯಾದಿ. ಮರಿ 1 ಸೆಂ.ಮೀ.ಗೂ ಕಡಿಮೆ, ದಾರದ ಎಳೆಯಷ್ಟು ತೆಳ್ಳಗೆ. ಮೊದಲ ಎರಡು ಮೂರು ವಾರದ ಆಹಾರವೇ ಇಲ್ಲಿ ದೊಡ್ಡ ಪರೀಕ್ಷೆ. ಆದರೆ ಇವು ಒಂದನ್ನೊಂದು ತಿನ್ನುವುದು ಕಡಿಮೆ.

ಕ್ರೆಸ್ಟೆಡ್ ನ್ಯೂಟ್ ಮತ್ತು ಮಾರ್ಬಲ್ಡ್ ನ್ಯೂಟ್ ಇರುವವರಿಗೆ ಒಂದು ಮಾತು. ಇವುಗಳ ಮೊಟ್ಟೆಯಲ್ಲಿ ಅರ್ಧದಷ್ಟು ಮರಿಯಾಗುವ ಮೊದಲೇ ಸಾಯುತ್ತವೆ. ಅದು ನಿಮ್ಮ ನೀರಿನ ತಪ್ಪಲ್ಲ. ಈ ಕುಲದ ಮೊದಲನೇ ಕ್ರೋಮೋಸೋಮ್‌ಗೆ ಎರಡು ರೂಪಗಳಿವೆ. ತಂದೆ ತಾಯಿ ಇಬ್ಬರಿಂದಲೂ ಒಂದೇ ರೂಪ ಬಂದರೆ ಭ್ರೂಣ ಬದುಕುವುದಿಲ್ಲ. ಲೆಕ್ಕ ಹಾಕಿದರೆ ಅರ್ಧಕ್ಕೆ ಅರ್ಧ ಹೋಗುತ್ತದೆ. ಇದು ಗೊತ್ತಿಲ್ಲದವರು ಸುಮ್ನೆ ನೀರು ಬದಲಿಸಿ, ಔಷಧ ಹಾಕಿ, ಉಳಿದ ಮೊಟ್ಟೆಗಳಿಗೂ ಕಾಟ ಕೊಡುತ್ತಾರೆ.

ಬ್ರೈನ್ ಶ್ರಿಂಪ್ ಮರಿಯೋ, ಡಾಫ್ನಿಯಾನೋ?

ಇದೇ ಮುಖ್ಯ ಆಯ್ಕೆ. ಉಳಿದ ಆಹಾರಗಳೆಲ್ಲ ಇವೆರಡರ ಅಕ್ಕಪಕ್ಕ ಬರುವಂಥವು.

ಬ್ರೈನ್ ಶ್ರಿಂಪ್ ಅಂದರೆ ಸೀಗಡಿಯಂಥ ಪುಟ್ಟ ಜೀವಿ. ಅದರ ಒಣ ಮೊಟ್ಟೆ ಡಬ್ಬಿಯಲ್ಲಿ ಸಿಗುತ್ತದೆ, ವರ್ಷಗಟ್ಟಲೆ ಇಡಬಹುದು. ಒಂದು ಲೀಟರ್ ನೀರಿಗೆ ಸುಮಾರು 25 ಗ್ರಾಂ ಉಪ್ಪು, ಏರ್ ಪಂಪಿನಿಂದ ಗುಳ್ಳೆ, ಮೇಲೊಂದು ದೀಪ, 26ರಿಂದ 28 ಡಿಗ್ರಿ ಬಿಸಿ. ಇಷ್ಟಿದ್ದರೆ ಒಂದು ದಿನ, ಒಂದೂವರೆ ದಿನದಲ್ಲಿ ಕಿತ್ತಳೆ ಬಣ್ಣದ ಮರಿಗಳು ಬರುತ್ತವೆ. ಒಂದೊಂದೂ ಅರ್ಧ ಮಿ.ಮೀ.ಗಿಂತ ಚಿಕ್ಕದು, ಎಂಥ ಸಣ್ಣ ನ್ಯೂಟ್ ಮರಿಯ ಬಾಯಿಗೂ ಹಿಡಿಯುತ್ತದೆ. ನಾಳೆ ಬೆಳಿಗ್ಗೆ ಎಷ್ಟು ಆಹಾರ ಇರುತ್ತದೆ ಅನ್ನುವುದನ್ನು ಇವತ್ತೇ ಲೆಕ್ಕ ಹಾಕಬಹುದು. ಈ ಭರವಸೆ ಬೇರೆ ಯಾವ ಜೀವಂತ ಆಹಾರದಲ್ಲೂ ಇಷ್ಟು ಸಿಗುವುದಿಲ್ಲ. ಇನ್ನೊಂದು ಅನುಕೂಲ: ನ್ಯೂಟ್ ಮರಿಯ ಹೊಟ್ಟೆ ಪಾರದರ್ಶಕ. ತಿಂದಿದ್ದರೆ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಯಾವ ಮರಿ ತಿಂದಿದೆ, ಯಾವುದು ತಿಂದಿಲ್ಲ ಅಂತ ಒಂದು ನೋಟಕ್ಕೇ ತಿಳಿಯುತ್ತದೆ.

ತೊಂದರೆಯೂ ಚಿಕ್ಕದಲ್ಲ. ಇದು ಉಪ್ಪುನೀರಿನ ಜೀವಿ. ಸಿಹಿನೀರಿಗೆ ಬಿದ್ದ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಸತ್ತದ್ದು ತಳದಲ್ಲಿ ಕೊಳೆತು ನೀರು ಕೆಡಿಸುತ್ತದೆ. ಹಾಗಾಗಿ ಕೊಟ್ಟ ಕೆಲವು ಗಂಟೆಗಳಲ್ಲಿ ಉಳಿದದ್ದನ್ನು ತೆಗೆಯಲೇಬೇಕು. ಕೊಡುವ ಮೊದಲು ತೆಳುಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು ಉಪ್ಪು ಹೋಗಿಸಬೇಕು. ಖಾಲಿ ಚಿಪ್ಪು ಮರಿಯ ಹೊಟ್ಟೆಗೆ ಹೋಗದ ಹಾಗೆ ನೋಡಿಕೊಳ್ಳಬೇಕು. ಅದಕ್ಕೊಂದು ಸುಲಭ ಉಪಾಯ ಇದೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಚಿಪ್ಪು ಮೇಲೆ ತೇಲುತ್ತದೆ, ಒಡೆಯದ ಮೊಟ್ಟೆ ಕೆಳಗೆ ಕೂರುತ್ತದೆ, ಜೀವ ಇರುವವು ಬೆಳಕಿನ ಕಡೆಗೆ ಸೇರುತ್ತವೆ. ಅಲ್ಲಿಂದ ಹೀರಿಕೊಳ್ಳಿ. ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಇವುಗಳ ಸತ್ವ ಜಾಸ್ತಿ. ಒಡಲಿನ ಹಳದಿ ಮುಗಿದಂತೆ ಅದು ಇಳಿಯುತ್ತದೆ. ನಿನ್ನೆಯದನ್ನು ಇವತ್ತು ಕೊಟ್ಟರೆ ಹೊಟ್ಟೆ ತುಂಬಿದಂತೆ ಕಾಣುತ್ತದೆ ಅಷ್ಟೇ.

ಡಾಫ್ನಿಯಾದ ಲೆಕ್ಕವೇ ಬೇರೆ. ಇದು ಸಿಹಿನೀರಿನದ್ದು. ತೊಟ್ಟಿಗೆ ಬಿಟ್ಟರೆ ತಿನ್ನಿಸಿಕೊಳ್ಳುವವರೆಗೂ ಬದುಕಿರುತ್ತದೆ. ಕೊಳೆಯುವುದಿಲ್ಲ. ನೀರಲ್ಲಿ ತೇಲುವ ಪಾಚಿ, ಬ್ಯಾಕ್ಟೀರಿಯಾ ತಿಂದು ನೀರನ್ನು ಒಂದಿಷ್ಟು ತಿಳಿಯಾಗಿಸುತ್ತದೆ ಕೂಡ. ಮರಿಗಳು ರಾತ್ರಿ ಹಗಲು ತಮಗೆ ಬೇಕಾದಾಗ ತಿನ್ನಬಹುದು. ನೀವು ಒಂದು ದಿನ ಮನೆಯಲ್ಲಿ ಇಲ್ಲದಿದ್ದರೂ ನಡೆಯುತ್ತದೆ.

ಆದರೆ ಅಳತೆ ನೋಡಿ. ದೊಡ್ಡ ಜಾತಿಯ ಡಾಫ್ನಿಯಾ, ಅಂದರೆ ಮ್ಯಾಗ್ನಾ, 5 ಮಿ.ಮೀ.ವರೆಗೂ ಬೆಳೆಯುತ್ತದೆ. ಇವತ್ತು ಹುಟ್ಟಿದ ನ್ಯೂಟ್ ಮರಿಗೆ ಅದು ಆಹಾರ ಆಗುವುದು ಹೇಗೆ? ಸಣ್ಣ ರಂಧ್ರದ ಜರಡಿಯಲ್ಲಿ ಸೋಸಿ ಡಾಫ್ನಿಯಾದ ಮರಿಗಳನ್ನಷ್ಟೇ ಕೊಡಬೇಕು, ಅಥವಾ ಮೊಯಿನಾ ಸಾಕಬೇಕು. ಮೊಯಿನಾ ಡಾಫ್ನಿಯಾದ ಚಿಕ್ಕ ಬಂಧು. ಅದರ ಎಳೆಯ ಮರಿ ಬ್ರೈನ್ ಶ್ರಿಂಪ್ ಮರಿಯಷ್ಟೇ ಇರುತ್ತದೆ, ಬಿಸಿಲೂರಿನ ನೀರನ್ನೂ ಹೆಚ್ಚು ತಡೆಯುತ್ತದೆ. ಎರಡಕ್ಕೂ ಇರುವ ದೊಡ್ಡ ದೋಷ ಒಂದೇ. ಇವತ್ತು ಬಕೆಟ್ ತುಂಬ ಇದ್ದದ್ದು ನಾಳೆ ಎದ್ದು ನೋಡಿದರೆ ಪೂರ್ತಿ ಸತ್ತಿರಬಹುದು. ಅವಕ್ಕೆ ಆಹಾರವಾಗಿ ಹಾಕುವ ಯೀಸ್ಟ್ ಸ್ವಲ್ಪ ಜಾಸ್ತಿಯಾದರೂ ಸಾಕು, ನೀರಿನ ಆಮ್ಲಜನಕ ಮುಗಿದು ಎಲ್ಲ ಹೋಗುತ್ತದೆ. ಅದಕ್ಕೇ ಅನುಭವ ಇರುವವರು ಒಂದೇ ಬಕೆಟ್ ನಂಬಿ ಕೂರುವುದಿಲ್ಲ. ಬೇರೆ ಬೇರೆ ಎರಡು ಮೂರು ಪಾತ್ರೆ ಇಡುತ್ತಾರೆ.

ಮೈಕ್ರೋವರ್ಮ್ ಬಗ್ಗೆ ಜನ ಕೇಳುತ್ತಾರೆ. ಓಟ್ಸ್ ಗಂಜಿಯ ಮೇಲೆ ಬೆಳೆಯುತ್ತದೆ, ಖರ್ಚು ಏನೂ ಇಲ್ಲ. ಕಲ್ಚರ್, ಅಂದರೆ ಸಾಕಿ ಬೆಳೆಸಿದ ಗುಂಪು, ಸಾಯಿಸುವುದೇ ಕಷ್ಟ. ಆದರೆ ಕೂದಲಿನಷ್ಟು ತೆಳ್ಳಗಿನ ಈ ಹುಳು ನೇರ ತಳಕ್ಕೆ ಇಳಿಯುತ್ತದೆ. ಅದರಿಂದಷ್ಟೇ ಮರಿ ಚೆನ್ನಾಗಿ ಬೆಳೆಯುವುದನ್ನು ನಾನು ಕಾಣೆ. ಬ್ರೈನ್ ಶ್ರಿಂಪ್ ಒಡೆಯದ ದಿನಕ್ಕೆ ಆಪದ್ಧನವಾಗಿ ಇಟ್ಟುಕೊಳ್ಳಿ. ಮೀನುಮರಿಗೆ ಕೊಡುವ ಇನ್‌ಫ್ಯುಸೋರಿಯಾ ಅನ್ನುವ ಸೂಕ್ಷ್ಮಜೀವಿಗಳು ಇವಕ್ಕೆ ತೀರಾ ಚಿಕ್ಕದು. ಅದಕ್ಕೆ ಕಷ್ಟಪಡಬೇಡಿ.

ಮರಿ 2 ಸೆಂ.ಮೀ. ಆಸುಪಾಸಿಗೆ ಬಂತು ಅಂದರೆ ಕಪ್ಪುಹುಳು, ಅಂದರೆ ಬ್ಲ್ಯಾಕ್‌ವರ್ಮ್ ಕತ್ತರಿಸಿ ಕೊಡಬಹುದು. ಇದು ಸಿಹಿನೀರಲ್ಲಿ ಬದುಕುತ್ತದೆ, ಕತ್ತರಿಸಿದ ತುಂಡೂ ಅಲುಗಾಡುತ್ತದೆ, ಬೆಳವಣಿಗೆ ಕಣ್ಣಿಗೆ ಕಾಣುವಷ್ಟು ಚುರುಕಾಗುತ್ತದೆ. ನೋಡಲು ಅದರಂತೆಯೇ ಇರುವ ಟ್ಯೂಬಿಫೆಕ್ಸ್ ಕೊಳಚೆ ನೀರಿನಿಂದ ಬರುವುದೇ ಜಾಸ್ತಿ. ನಾನಾದರೆ ಕೊಡುವುದಿಲ್ಲ. ಈ ವಯಸ್ಸಿಗೆ ಮರಿಗಳು ವಾಸನೆ ಹಿಡಿಯುವುದನ್ನೂ ಕಲಿತಿರುತ್ತವೆ. ಫ್ರೋಜನ್ ರಕ್ತಹುಳುವನ್ನು ಚಿಮಟದಲ್ಲಿ ಹಿಡಿದು ಮೂತಿಯ ಮುಂದೆ ಮೆಲ್ಲಗೆ ಆಡಿಸಿದರೆ ಗಬಕ್ ಅಂತ ಹಿಡಿಯುತ್ತವೆ. ಜೀವಂತ ಆಹಾರದ ಓಡಾಟ ಇಲ್ಲಿಂದ ಕಡಿಮೆಯಾಗುತ್ತದೆ.

ಕೆರೆಯಿಂದ ಬಲೆ ಹಾಕಿ ಹುಳು ಹಿಡಿದು ತರುವುದು ಬಿಟ್ಟಿ ಆಹಾರ ಅನ್ನಿಸುತ್ತದೆ. ಆದರೆ ಅದರ ಜೊತೆ ಏರೋಪ್ಲೇನ್ ಚಿಟ್ಟೆಯ ಮರಿ ಬಂದರೆ ಒಂದೇ ರಾತ್ರಿಯಲ್ಲಿ ತೊಟ್ಟಿ ಅರ್ಧ ಖಾಲಿ ಮಾಡುತ್ತದೆ. ರೋಗವೂ ಬರಬಹುದು.

ಬರೀ ಡಬ್ಬಿಯೋ, ಗಿಡ ಬೆಳೆದ ತೊಟ್ಟಿಯೋ?

ಬ್ರೈನ್ ಶ್ರಿಂಪ್ ಆರಿಸಿಕೊಂಡರೆ ಬರೀ ಡಬ್ಬಿ ಬೇಕು. ಮರಳಿಲ್ಲ, ಕಲ್ಲಿಲ್ಲ, ಫಿಲ್ಟರ್ ಇಲ್ಲ. ಎರಡು ಮೂರು ಲೀಟರಿನ ಅಗಲ ಡಬ್ಬಿ, ನಾಲ್ಕೈದು ಸೆಂ.ಮೀ. ನೀರು, ಒಂದು ಚೂರು ಜಾವಾ ಮಾಸ್ ಅನ್ನುವ ನೀರುಗಿಡ. ತಳದಲ್ಲಿ ಬಿದ್ದ ಸತ್ತ ಆಹಾರವನ್ನು ಡ್ರಾಪರಿನಿಂದ ಹೀರಿ ತೆಗೆಯಲು ಬರಬೇಕು, ಅದಕ್ಕೇ ತಳ ಖಾಲಿ ಇರಬೇಕು. ನೀರನ್ನು ದಿನಾ ಬಹುಪಾಲು ಬದಲಿಸಬೇಕು. ಹೊಸ ನೀರು ಹಳೆಯದರಷ್ಟೇ ತಣ್ಣಗಿರಬೇಕು. ಕಿರಿಕಿರಿ ನಿಜ. ಆದರೆ ಪ್ರತಿಯೊಂದು ಮರಿಯನ್ನೂ ದಿನಾ ಕಣ್ಣಾರೆ ನೋಡುತ್ತೀರಿ. ಒಂದು ತಿನ್ನದಿದ್ದರೆ ಅವತ್ತೇ ಗೊತ್ತಾಗುತ್ತದೆ.

ನಲ್ಲಿ ನೀರು ಬಳಸುವವರು ಅದರಲ್ಲಿರುವುದು ಕ್ಲೋರಿನ್ನೋ ಕ್ಲೋರಮಿನ್ನೋ ಕೇಳಿ ತಿಳಿದುಕೊಳ್ಳಿ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಕ್ಲೋರಮಿನ್ ಹೋಗುವುದಿಲ್ಲ, ಅದಕ್ಕೆ ಡೀಕ್ಲೋರಿನೇಟರ್ ಅನ್ನುವ ಶುದ್ಧೀಕರಣ ದ್ರಾವಣ ಹಾಕಲೇಬೇಕು. ಮರಿಗಳ ಕಿವಿರು ಮೈಯ ಹೊರಗೆ ಬಿಚ್ಚಿಕೊಂಡಿರುತ್ತದೆ, ಚರ್ಮವೂ ತೀರಾ ತೆಳು. ದೊಡ್ಡ ಮೀನು ತಡೆದುಕೊಳ್ಳುವ ನೀರು ಇವನ್ನು ಸುಟ್ಟುಹಾಕಬಹುದು.

ಡಾಫ್ನಿಯಾ ಅಥವಾ ಕಪ್ಪುಹುಳು ನಿಮ್ಮ ಮುಖ್ಯ ಆಹಾರವಾದರೆ ಗಿಡ ಬೆಳೆದ ಹಳೆಯ ತೊಟ್ಟಿ ಒಳ್ಳೆಯದು. ಆಹಾರ ಸಾಯುವುದಿಲ್ಲವಾದ್ದರಿಂದ ದಿನಾ ಕೆರೆದು ತೆಗೆಯುವ ಕೆಲಸ ಇಲ್ಲ. ಗಾಳಿಯಿಂದ ನಡೆಯುವ ಸ್ಪಾಂಜ್ ಫಿಲ್ಟರ್ ಸಾಕು. ಮೋಟಾರ್ ಫಿಲ್ಟರ್ ಮರಿಗಳನ್ನೇ ಎಳೆದುಕೊಳ್ಳುತ್ತದೆ. ಗಿಡಗಳ ನಡುವೆ ತಾನಾಗಿ ಹುಟ್ಟುವ ಸಣ್ಣ ಪುಟ್ಟ ಜೀವಿಗಳು ಮರಿಗಳಿಗೆ ಹೆಚ್ಚುವರಿ ಊಟ. ನೀರು ಸ್ಥಿರವಾಗಿರುತ್ತದೆ.

ಇಲ್ಲಿ "ಹಳೆಯ" ಅನ್ನುವ ಮಾತು ಮುಖ್ಯ. ಮಲದಿಂದ ಬರುವ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಿನ್ನೆ ಕಟ್ಟಿದ ಚಂದದ ತೊಟ್ಟಿ ಬರೀ ಡಬ್ಬಿಗಿಂತ ಅಪಾಯ. ಡಬ್ಬಿಯ ನೀರನ್ನಾದರೂ ದಿನಾ ಬದಲಿಸುತ್ತೀರಿ, ತೊಟ್ಟಿಯನ್ನು ನಂಬಿ ಬಿಟ್ಟುಬಿಡುತ್ತೀರಿ. ಇನ್ನೊಂದು ಕೊರತೆ, ಮರಿಗಳು ಕಾಣುವುದೇ ಇಲ್ಲ. ಐವತ್ತು ಬಿಟ್ಟಿದ್ದು ಮೂವತ್ತಾದರೂ ಲೆಕ್ಕ ಸಿಗುವುದಿಲ್ಲ. ಬ್ರೈನ್ ಶ್ರಿಂಪ್ ಹಾಕುತ್ತಾ ಹೋದರೆ ಇಂಥ ತೊಟ್ಟಿಯಲ್ಲಿ ಹೈಡ್ರಾ ಅನ್ನುವ ಪುಟ್ಟ ಕುಟುಕುವ ಜೀವಿ ಕೂಡ ಹಬ್ಬುತ್ತದೆ. ಗಾಜಿಗೆ ಅಂಟಿಕೊಂಡು ಸಣ್ಣ ಮರಿಗಳನ್ನು ಕುಟುಕುತ್ತದೆ, ಅವುಗಳ ಆಹಾರವನ್ನೂ ಕದಿಯುತ್ತದೆ.

ಹೊರಗೆ ಇಡುವ ದೊಡ್ಡ ಟಬ್ ಮೂರನೆಯ ದಾರಿ. ತಂಪು ಹವೆ ಇರುವಲ್ಲಿ ಕೆಲಸ ಬಹಳ ಕಡಿಮೆ, ಮರಿಗಳು ದಷ್ಟಪುಷ್ಟ. ಬಿಸಿಲು ಜೋರಿದ್ದರೆ ಬೇಡವೇ ಬೇಡ.

ನನ್ನ ಆಯ್ಕೆ ಕೇಳಿದರೆ ಎರಡನ್ನೂ ಸೇರಿಸಿದ್ದು. ಮೊದಲ ಮೂರು ನಾಲ್ಕು ವಾರ ಡಬ್ಬಿ ಮತ್ತು ಬ್ರೈನ್ ಶ್ರಿಂಪ್. ಅಷ್ಟರಲ್ಲಿ, ಮೊದಲೇ ಕಟ್ಟಿಟ್ಟಿದ್ದರೆ, ಪಕ್ಕದಲ್ಲಿ ಗಿಡದ ತೊಟ್ಟಿ ಹದಕ್ಕೆ ಬಂದಿರುತ್ತದೆ. ಮರಿ ಡಾಫ್ನಿಯಾ ಹಿಡಿಯುವಷ್ಟು ದೊಡ್ಡದಾದಾಗ ಅಲ್ಲಿಗೆ ಸಾಗಿಸುವುದು. ಫೈರ್ ಸಲಮಾಂಡರ್ ಮರಿಗಾದರೆ ಮೊದಲ ಹಂತವೇ ಬೇಡ.

ಒಟ್ಟಿಗೆ ಸಾಕುವುದೋ, ಬೇರೆ ಬೇರೆಯೋ?

ಕಪ್ಪೆಗೆ ಮೊದಲು ಹಿಂಗಾಲು ಬರುತ್ತದೆ, ಇವಕ್ಕೆ ಮುಂಗಾಲು. ಆಕ್ಸೊಲಾಟಲ್ ಮರಿಗಳಲ್ಲಿ ಮುಂಗಾಲು ಮೂಡಿದ ಮೇಲೆ ಕಚ್ಚಾಟ ಜೋರಾಗುತ್ತದೆ. ಪಕ್ಕದಲ್ಲಿ ಅಲುಗಾಡಿದ್ದು ಆಹಾರವೋ ತಮ್ಮನ ಕಾಲೋ ಅನ್ನುವ ವಿವೇಚನೆ ಅವಕ್ಕಿಲ್ಲ. ಕಡಿದುಹೋದ ಕಾಲು, ಕಿವಿರು ಮತ್ತೆ ಬೆಳೆಯುತ್ತದೆ, ಆ ವಿಷಯದಲ್ಲಿ ಇವು ಪವಾಡ ಜೀವಿಗಳೇ. ಆದರೂ ಮೇಲಿಂದ ಮೇಲೆ ಕಚ್ಚಿಸಿಕೊಂಡ ಮರಿ ಹಿಂದೆ ಬೀಳುತ್ತದೆ. ದೊಡ್ಡದು ಇನ್ನೂ ದೊಡ್ಡದಾಗುತ್ತದೆ, ಕೊನೆಗೆ ಚಿಕ್ಕದನ್ನು ಇಡಿಯಾಗಿ ನುಂಗುತ್ತದೆ. ಟೈಗರ್ ಸಲಮಾಂಡರ್‌ನಲ್ಲಂತೂ ಕೆಲವು ಮರಿಗಳು ಅಗಲ ತಲೆ, ದೊಡ್ಡ ಬಾಯಿ ಬೆಳೆಸಿಕೊಂಡು ತಮ್ಮದೇ ಜಾತಿಯ ಮರಿಗಳನ್ನು ತಿನ್ನುವಂಥವೇ ಆಗಿಬಿಡುತ್ತವೆ.

ಒಂದೊಂದನ್ನೂ ಬೇರೆ ಕಪ್ಪಿನಲ್ಲಿ ಇಟ್ಟರೆ ಸಾವು ಕಡಿಮೆ, ಕಾಲು ಪೂರ್ತಿ. ಆದರೆ ನೂರು ಮರಿಗೆ ನೂರು ಕಪ್ಪು, ದಿನಾ ನೂರು ಸಲ ನೀರು. ಯಾರಿಗೆ ಸಾಧ್ಯ? ವಾರಕ್ಕೊಮ್ಮೆ ಅಳತೆ ನೋಡಿ ದೊಡ್ಡದು, ಮಧ್ಯಮ, ಚಿಕ್ಕದು ಅಂತ ಮೂರು ಡಬ್ಬಿಗೆ ವಿಂಗಡಿಸಿದರೆ ಬಹುಪಾಲು ಸಮಸ್ಯೆ ತೀರುತ್ತದೆ. ಹೊಟ್ಟೆ ತುಂಬಿದ ಮರಿ ಕಚ್ಚುವುದೂ ಕಡಿಮೆ. ಸಣ್ಣ ನ್ಯೂಟ್‌ಗಳನ್ನು ಧಾರಾಳವಾಗಿ ಒಟ್ಟಿಗೆ ಸಾಕಬಹುದು, ಜಾಗ ಮತ್ತು ಆಹಾರ ಸಾಕಷ್ಟಿದ್ದರೆ.

ಎಲ್ಲಕ್ಕಿಂತ ಒಳ್ಳೆಯ ಉಪಾಯ ಕಡಿಮೆ ಮರಿ ಬೆಳೆಸುವುದು. ಇಪ್ಪತ್ತು ಸಾಕು ಅನ್ನಿಸಿದರೆ ಮೂವತ್ತು ಮೊಟ್ಟೆ ಇಟ್ಟುಕೊಳ್ಳಿ. ಉಳಿದದ್ದನ್ನು ಇಟ್ಟ ಮೊದಲ ದಿನವೇ, ಒಳಗೆ ಭ್ರೂಣ ರೂಪ ತಾಳುವ ಮೊದಲು, ಫ್ರೀಜರಿಗೆ ಹಾಕಿ. ಕೇಳಲು ಕಟುವಾಗಿದೆ, ನಿಜ. ಆದರೆ ಐನೂರು ಮರಿ ಹುಟ್ಟಿಸಿ ನಾನೂರೈವತ್ತನ್ನು ಹಸಿವಿಗೆ ಬಿಡುವುದು ಇನ್ನೂ ಕೆಟ್ಟದ್ದು, ಅಲ್ವಾ? ಹೆಚ್ಚಾದ ಮರಿಗಳನ್ನು ಕೆರೆಗೋ ಹಳ್ಳಕ್ಕೋ ಬಿಡುವ ಯೋಚನೆಯನ್ನಂತೂ ಮಾಡಲೇಬೇಡಿ. ಬಿಸಾಲ್ ಅನ್ನುವ ಚರ್ಮದ ಶಿಲೀಂಧ್ರ ಏಷ್ಯಾದಿಂದ ಸಾಕುಪ್ರಾಣಿ ವ್ಯಾಪಾರದ ಮೂಲಕ ಯುರೋಪಿಗೆ ಬಂದಿರಬೇಕು ಅನ್ನುತ್ತಾರೆ ವಿಜ್ಞಾನಿಗಳು. ನೆದರ್ಲ್ಯಾಂಡ್ಸ್‌ನಲ್ಲಿ ಅದು ಫೈರ್ ಸಲಮಾಂಡರ್‌ಗಳನ್ನು ಹೆಚ್ಚುಕಡಿಮೆ ಅಳಿಸಿಹಾಕಿತು. 2013ರಲ್ಲಿ ಅದಕ್ಕೆ ಹೆಸರಿಟ್ಟರು. 2016ರಲ್ಲಿ ಅಮೆರಿಕ ಇದೇ ಭಯಕ್ಕೆ 20 ಕುಲದ ಸಲಮಾಂಡರ್‌ಗಳ ಆಮದಿಗೆ ತಡೆ ಹಾಕಿತು. ತೊಟ್ಟಿಯ ಕೊಳಕು ನೀರನ್ನೂ ತೋಡಿಗೆ ಚೆಲ್ಲಬೇಡಿ.

ತಂಪೋ, ಬೆಚ್ಚಗೋ?

ಬೆಚ್ಚಗಿನ ನೀರಲ್ಲಿ ಮರಿ ಬೇಗ ಬೆಳೆಯುತ್ತದೆ, ಬೇಗ ನೆಲಕ್ಕೆ ಹತ್ತುತ್ತದೆ, ಆದರೆ ಚಿಕ್ಕದಾಗಿಯೇ ಹತ್ತುತ್ತದೆ. ತಣ್ಣನೆ ನೀರಲ್ಲಿ ತಡವಾದರೂ ದೊಡ್ಡ ಮರಿ ಸಿಗುತ್ತದೆ. ನೆಲದ ಮೇಲೆ ತಿನ್ನಿಸುವುದು ಎಷ್ಟು ಕಷ್ಟ ಅಂತ ಗೊತ್ತಿರುವವರು ಎರಡನೆಯದನ್ನೇ ಆರಿಸುತ್ತಾರೆ. ಬಹುತೇಕ ಜಾತಿಗಳಿಗೆ 16ರಿಂದ 20 ಡಿಗ್ರಿ ಸರಿ. 24 ದಾಟಿದರೆ ನೀರಲ್ಲಿ ಆಮ್ಲಜನಕ ಇಳಿಯುತ್ತದೆ, ಅಮೋನಿಯಾದ ವಿಷ ಏರುತ್ತದೆ. ಮೇಲ್ಮೈಗೆ ಫ್ಯಾನ್ ಗಾಳಿ ಬೀಸಿದರೆ ಎರಡು ಮೂರು ಡಿಗ್ರಿ ಇಳಿಸಬಹುದು. ತಮಾಷೆ ಅಂದರೆ ಬ್ರೈನ್ ಶ್ರಿಂಪ್ ಬಾಟಲಿಗೆ 28 ಬೇಕು, ಅದನ್ನು ತಿನ್ನುವವರಿಗೆ 18. ಎರಡನ್ನೂ ಒಂದೇ ಕಪಾಟಿನಲ್ಲಿ ಇಡಲು ಹೋಗಬೇಡಿ.

ಕಿವಿರು ಕುಗ್ಗಿದ ಮೇಲೆ

ಎರಡು ಮೂರು ತಿಂಗಳಿಗೆ, ತಣ್ಣಗಿದ್ದರೆ ಇನ್ನೂ ತಡವಾಗಿ, ಕಿವಿರು ಮೋಟಾಗುತ್ತದೆ, ಬಾಲದ ರೆಕ್ಕೆ ಕರಗುತ್ತದೆ, ಊಟ ಕಡಿಮೆಯಾಗುತ್ತದೆ. ಈಗ ನೀರಿನ ಮಟ್ಟ ಇಳಿಸಿ, ಹತ್ತಲು ಬೆಂಡು ಅಥವಾ ಮಾಸ್‌ನ ಇಳಿಜಾರು ಕೊಡಿ. ಇಲ್ಲದಿದ್ದರೆ ನೀರಲ್ಲೇ ಹುಟ್ಟಿದ ಮರಿ ನೀರಲ್ಲಿ ಮುಳುಗಿ ಸಾಯುತ್ತದೆ. ಮುಚ್ಚಳ ಬಿಗಿ ಇರಲಿ. ಒದ್ದೆ ಮೈಯಲ್ಲಿ ಇವು ಗಾಜಿನ ಗೋಡೆ ಹತ್ತಿ ಹೋಗುತ್ತವೆ.

ಆಮೇಲಿನ ದಾರಿಯೂ ಜಾತಿಯ ಮೇಲೆ ನಿಂತಿದೆ. ರಿಬ್ಬ್ಡ್ ನ್ಯೂಟ್ ಮರಿಯನ್ನು ನೀರಲ್ಲೇ ಮುಂದುವರಿಸಬಹುದು, ಏನೂ ತೊಂದರೆ ಇಲ್ಲ. ಆಲ್ಪೈನ್ ನ್ಯೂಟ್ ಮರಿಗಳೂ ಗಿಡ ತುಂಬಿದ ಕಡಿಮೆ ನೀರಲ್ಲಿ ಬಹಳ ಸಲ ಒಗ್ಗಿಕೊಳ್ಳುತ್ತವೆ. ನೀರಲ್ಲಿ ಉಳಿದವಕ್ಕೆ ಹಳೆಯ ಆಹಾರವೇ ನಡೆಯುತ್ತದೆ, ಅದೇ ದೊಡ್ಡ ಲಾಭ. ಬೆಂಕಿ ಹೊಟ್ಟೆಯ ನ್ಯೂಟ್ ಮರಿಗಳು ಹಾಗಲ್ಲ. ನೀರು ಕಂಡರೆ ಓಡುತ್ತವೆ, ಬಲವಂತ ಮಾಡಿದರೆ ಸಾಯುತ್ತವೆ. ಅವನ್ನು ಒದ್ದೆ ಕಾಗದದ ಟವೆಲ್, ಮಾಸ್ ಹಾಕಿದ ಡಬ್ಬಿಯಲ್ಲಿ ಇಡಬೇಕು. ಸ್ಪ್ರಿಂಗ್‌ಟೇಲ್ ಅನ್ನುವ ಮಣ್ಣಿನ ಪುಟ್ಟ ಜೀವಿ, ರೆಕ್ಕೆ ಇಲ್ಲದ ಹಣ್ಣಿನ ನೊಣ, ಈಗಷ್ಟೇ ಹುಟ್ಟಿದ ಮಿಡತೆಯಂಥ ಕ್ರಿಕೆಟ್ ಮರಿ ಕೊಡಬೇಕು. ಫೈರ್ ಸಲಮಾಂಡರ್ ಮರಿಯೂ ನೆಲದ್ದೇ, ಆದರೆ ಅದು ಚಿಕ್ಕ ಎರೆಹುಳುವಿನ ತುಂಡನ್ನು ಬೇಗ ಒಪ್ಪುತ್ತದೆ.

ಸ್ಪ್ರಿಂಗ್‌ಟೇಲ್ ಕಲ್ಚರ್ ತುಂಬಿ ಕೊಡುವ ಹೊತ್ತಿಗೆ ಒಂದು ತಿಂಗಳಾದರೂ ಆಗುತ್ತದೆ. ಹಿಂಗಾಲು ಮೂಡಿದ್ದು ಕಂಡ ದಿನವೇ ಒಂದಲ್ಲ, ಎರಡು ಡಬ್ಬಿ ಶುರು ಮಾಡಿ.